ಪಾಲು ಹಾಕುವ ಹಬ್ಬಗಳು

ಯುಗಾದಿಯ ಮರುದಿನ ಬೆಳಗಿನ ಜಾವ ನಮ್ಮೂರಿನ ಹೊಂಗೆ ತೋಪಿನಲ್ಲಿ ಪ್ರತಿ ವರ್ಷವೂ ಒಂದು ಲೆಕ್ಕಾಚಾರ ನಡೆಯುತ್ತದೆ. ನೆಲಕ್ಕೆ ತಾರ್ಪಾಲು ಹಾಸಿ, ಅದರ ಮೇಲೆ ಬಾಳೆಎಲೆಗಳನ್ನು ಹರಡಿ, ಹಿಂದಿನ ರಾತ್ರಿಯೇ ತಂದು ಕಟ್ಟಿದ್ದ ಕುರಿಗಳನ್ನು ಕೊಯ್ದು, ಮಾಂಸವನ್ನು ಮನೆಗೊಂದರಂತೆ ಗುಡ್ಡೆ ಹಾಕುತ್ತಾರೆ. ಮುಳಬಾಗಿಲು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಇದಕ್ಕೆ ಗುಡ್ಡೆ ಬಾಡು ಎನ್ನುತ್ತಾರೆ. ಹಬ್ಬದ ಹೆಸರು ಹೊಸತೊಡಕು, ಕೆಲವರ ಬಾಯಲ್ಲಿ ವರ್ಷದ ತೊಡಕು. ಈ ಹಬ್ಬಕ್ಕೆ ಮಂತ್ರವಿಲ್ಲ, ಮುಹೂರ್ತವಿಲ್ಲ, ಪುರೋಹಿತರಿಗೆ ಇಲ್ಲಿ ಕೆಲಸವೂ ಇಲ್ಲ. ಆದರೂ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಮಾಂಸಾಹಾರಿ ಮನೆಗಳಲ್ಲಿ ಬೇವು ಬೆಲ್ಲ, ಒಬ್ಬಟ್ಟುಗಳ ಯುಗಾದಿಗಿಂತ ಅದರ ಮರುದಿನವನ್ನೇ ಹೆಚ್ಚು ಆಸೆಯಿಂದ ಕಾಯುವವರು ಬಹಳ ಮಂದಿ ಇದ್ದಾರೆ, ಅವರಲ್ಲಿ ನಾನೂ ಒಬ್ಬಳು.

ಚಿಕ್ಕಂದಿನಲ್ಲಿ ಪಾತ್ರೆ ಹಿಡಿದುಕೊಂಡು ತಾತನ ಹಿಂದೆ ತೋಪಿಗೆ ಹೋಗುವ ಕೆಲಸ ನನ್ನದಾಗಿತ್ತು. ಹೆಂಗಸರು ಅಲ್ಲಿಗೆ ಬರುವ ವಾಡಿಕೆ ಇರಲಿಲ್ಲವಾದರೂ ಹತ್ತು ವರ್ಷದ ಹುಡುಗಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ತಾತ ಕುರಿ ಕೊಯ್ಯುವವರಲ್ಲ, ದುಡ್ಡು ಕೂಡಿಸುವವರೂ ಅಲ್ಲ. ಗುಡ್ಡೆಗಳನ್ನು ಸಮ ಮಾಡುವವರು. ಅವರು ತಕ್ಕಡಿ ಮುಟ್ಟುತ್ತಿರಲಿಲ್ಲ. ತಕ್ಕಡಿ ತೂಕವನ್ನು ಹೇಳುತ್ತದೆಯೇ ಹೊರತು ಮೂಳೆ ಎಷ್ಟು, ಮೆತ್ತನೆಯ ತುಂಡು ಎಷ್ಟು ಎಂಬುದನ್ನು ಹೇಳುವುದಿಲ್ಲ ಎಂಬುದು ಅವರ ವಾದ. ಮೊದಲು ತೊಡೆಯ ತುಂಡುಗಳನ್ನು ಎಲ್ಲ ಗುಡ್ಡೆಗಳಿಗೂ ಒಂದು ಸುತ್ತು ಹಾಕಿ, ಬಳಿಕ ಎದೆಯ ಮೂಳೆಗಳದ್ದೊಂದು ಸುತ್ತು, ಅದಾದ ಮೇಲೆ ಲಿವರು, ಕೊನೆಗೆ ಕೊಬ್ಬು, ಹೀಗೆ ಬಗೆಬಗೆಯಾಗಿ ಇಡುತ್ತಾ ಹೋಗಿ, ಎಲ್ಲ ಮುಗಿದ ಮೇಲೆ ಸಾಲಿನ ತುದಿಯಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಆಮೇಲೆ ಒಂದು ಗುಡ್ಡೆಯಿಂದ ಬೆರಳಗಲದ ತುಂಡನ್ನು ಎತ್ತಿ ಇನ್ನೊಂದಕ್ಕೆ ಹಾಕುತ್ತಿದ್ದರು. ಆ ಬೆರಳಗಲದ ತುಂಡಿಗಾಗಿ ಊರಿನ ಗಂಡಸರೆಲ್ಲ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಒಬ್ಬನನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ತಾತ ಒಂದು ಗುಡ್ಡೆಯ ಮೇಲೆ ಕಡ್ಡಿ ಹಿಡಿದು "ಇದು ಯಾರಿಗಪ್ಪಾ?" ಎಂದು ಕೇಳುವರು. ಅವನು ಹಿಂದಿರುಗಿ ನೋಡದೆ ಮನೆಯ ಹೆಸರು ಹೇಳಬೇಕು. ಯಾವ ಗುಡ್ಡೆಗೆ ಯಾವ ಹೆಸರು ಬಿತ್ತೋ ಅದೇ ಅವರ ಪಾಲು. ತಕರಾರು ಮಾಡುವ ಹಾಗಿಲ್ಲ. ಗುಡ್ಡೆ ಹಾಕಿದವನಿಗೆ ತನ್ನ ಪಾಲು ಯಾವುದೆಂದು ಮೊದಲೇ ಗೊತ್ತಾಗಬಾರದು ಎಂಬ ಈ ಸರಳ ಉಪಾಯವನ್ನು ಯಾರು ಕಂಡುಹಿಡಿದರೋ, ಅವರಿಗೆ ಮನುಷ್ಯರ ಮನಸ್ಸು ಚೆನ್ನಾಗಿ ಗೊತ್ತಿತ್ತು. ತಲೆ ಮತ್ತು ಕಾಲುಗಳನ್ನು ಮಾತ್ರ ಪಾಲು ಹಾಕಲು ಬರುವುದಿಲ್ಲವಾದ್ದರಿಂದ ಅವನ್ನು ಅಲ್ಲಿಯೇ ಹರಾಜು ಕೂಗಿ, ಬಂದ ದುಡ್ಡನ್ನು ದೇವಸ್ಥಾನದ ಎಣ್ಣೆ ಬತ್ತಿಗೆ ಬಿಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಯಾವ ಮನೆಯ ಮುಂದೆ ನಿಂತರೂ ಅದೇ ಘಮಲು: ರಾಗಿ ಮುದ್ದೆ, ಬಾಡಿನ ಸಾರು, ಬೋಟಿ ಗೊಜ್ಜು, ಕೈಮದ ಉಂಡೆ.

ಈಗ ಇದಕ್ಕೆ ಚೀಟಿ ಸೇರಿಕೊಂಡಿದೆ. ವರ್ಷವಿಡೀ ತಿಂಗಳಿಗಿಷ್ಟೆಂದು ಕಟ್ಟಿಕೊಂಡು ಬಂದರೆ ಯುಗಾದಿಯ ಹೊತ್ತಿಗೆ ಮಾಂಸದ ಜೊತೆಗೆ ಎಣ್ಣೆ, ಬೇಳೆ, ಬೆಲ್ಲ, ಮೈದಾಹಿಟ್ಟುಗಳ ಗಂಟೂ ಮನೆಗೆ ಬರುತ್ತದೆ. ಕೋಲಾರ ಪೇಟೆಯಲ್ಲಿ ನಾನಿರುವ ಬೀದಿಯಲ್ಲಿಯೂ ಇಂಥ ಎರಡು ಚೀಟಿಗಳಿವೆ. ಒಂದು ವರ್ಷ ಚೀಟಿ ನಡೆಸುತ್ತಿದ್ದವರು ಹಬ್ಬಕ್ಕೆ ನಾಲ್ಕು ದಿನವಿರುವಾಗ ಮನೆಗೆ ಬೀಗ ಹಾಕಿಕೊಂಡು ಹೋದರು. ಆ ವರ್ಷ ನಾವು ಹೊಸತೊಡಕಿಗೆ ಮೊಟ್ಟೆ ಸಾರು ಉಂಡೆವು. ಹಣ ಹೋದುದಕ್ಕಿಂತ, ತಾತ ಇದ್ದಿದ್ದರೆ ಏನೆನ್ನುತ್ತಿದ್ದರು ಎಂಬ ಯೋಚನೆಯೇ ನನ್ನನ್ನು ಹೆಚ್ಚು ಕಾಡಿತು.

ನಮ್ಮ ಕಡೆಯ ಹಬ್ಬಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ದೊಡ್ಡ ಜಾತ್ರೆಗಳಿಂದ ಶುರು ಮಾಡುತ್ತಾರೆ. ಶಿವರಾತ್ರಿಯ ಮರುದಿನ ನಂದಿ ಗ್ರಾಮದ ಭೋಗನಂದೀಶ್ವರನ ತೇರು, ಅದೇ ಸಮಯಕ್ಕೆ ಸೀತೆ ಲವಕುಶರನ್ನು ಹೆತ್ತಳೆಂದು ಹೇಳುವ ಆವಣಿಯ ದನಗಳ ಜಾತ್ರೆ, ಚೌತಿಗೆ ಕುರುಡುಮಲೆಯ ಗಣಪತಿ, ತುಮಕೂರಿನ ಕಡೆ ಹೋದರೆ ಸಿದ್ಧಗಂಗೆಯ ಜಾತ್ರೆ. ಇವೆಲ್ಲ ನೋಡತಕ್ಕವೇ, ಆವಣಿಯಲ್ಲಿ ಬೆಟ್ಟದ ಕೆಳಗೆ ಸಾಲಾಗಿ ಕಟ್ಟಿದ ಹೋರಿಗಳ ನಡುವೆ ಬೆಳಗಿನ ಹೊತ್ತು ನಡೆದುಬರುವುದಕ್ಕಿಂತ ಒಳ್ಳೆಯ ಕೆಲಸ ಮಾಘ ಮಾಸದಲ್ಲಿ ಇನ್ನೊಂದಿಲ್ಲ. ಆದರೆ ಅಲ್ಲಿ ನಾವು ಜಾತ್ರೆಗೆ ಹೋದವರು ಮಾತ್ರ. ತೇರಿಗೆ ಬಾಳೆಹಣ್ಣು ಎಸೆದು, ಪುರಿ, ಬತ್ತಾಸು, ಖಾರಾಬೂಂದಿ ಕಟ್ಟಿಸಿಕೊಂಡು, ಮಕ್ಕಳಿಗೆ ಪೀಪಿ ಕೊಡಿಸಿಕೊಂಡು ಮನೆಗೆ ಬಂದರೆ ಮುಗಿಯಿತು. ನಾವು ಹೋಗದಿದ್ದರೂ ಆ ತೇರು ನಿಲ್ಲುವುದಿಲ್ಲ. ಊರಹಬ್ಬ ಹಾಗಲ್ಲ; ಅಲ್ಲಿ ಒಂದು ಮನೆಯ ದೀಪ ಬರುವುದು ತಡವಾದರೂ ಇಡೀ ಊರು ಬೀದಿಯಲ್ಲಿ ಕಾದು ನಿಲ್ಲಬೇಕಾಗುತ್ತದೆ.

ಗ್ರಾಮದೇವತೆಗೆ ದೀಪ ಹೊರುವುದನ್ನು ನೋಡದವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೇಸಗೆಯಲ್ಲಿ, ರಾಗಿ ಕಣದ ಕೆಲಸವೆಲ್ಲ ಮುಗಿದು ಮುಂಗಾರು ಇನ್ನೂ ಹಿಡಿಯದಿರುವ ಬಿಡುವಿನಲ್ಲಿ, ನಮ್ಮ ಸೀಮೆಯ ಹಳ್ಳಿಗಳಲ್ಲಿ ಗಂಗಮ್ಮ, ಮಾರಮ್ಮ, ಸಪ್ಪಲಮ್ಮ, ಎಲ್ಲಮ್ಮ, ದುಗ್ಗಲಮ್ಮ ಹೀಗೆ ಊರಿಗೊಬ್ಬಳಂತೆ ಇರುವ ಅಮ್ಮನವರಿಗೆ ಹಬ್ಬ ಮಾಡುತ್ತಾರೆ. ವಾರಕ್ಕೆ ಮೊದಲು ತಮಟೆಯವರು ಬೀದಿ ಬೀದಿಯಲ್ಲಿ ಸಾರುತ್ತಾರೆ. ಸಾರಿದ ಮೇಲೆ ನಮ್ಮೂರಿನಲ್ಲಿ ಒಗ್ಗರಣೆ ಹಾಕುವಂತಿಲ್ಲ, ಒಲೆಯ ಮೇಲೆ ಏನನ್ನೂ ಹುರಿಯುವಂತಿಲ್ಲ, ಊರಿನವರು ಹೊರಗೆ ರಾತ್ರಿ ತಂಗುವಂತಿಲ್ಲ. ಅಮ್ಮ ಇದಕ್ಕೆ ಕೊಡುವ ವಿವರಣೆ ಚುಟುಕಾದದ್ದು: "ಬಿಸ್ಲು ಕಾಲ ಕಣಮ್ಮ, ದ್ಯಾವ್ರಿಗೂ ಸೆಕೆ ಆಗಲ್ವಾ?" ಸಿಡುಬು, ದಡಾರಗಳು ಬೇಸಗೆಯಲ್ಲಿಯೇ ಹರಡುತ್ತಿದ್ದ ಕಾಲದ ನೆನಪು ಈ ಕಟ್ಟಳೆಗಳಲ್ಲಿ ಉಳಿದಿದೆಯೆಂದು ನನಗನ್ನಿಸುತ್ತದೆ.

ದೀಪವೆಂದರೆ ಹಣತೆಯಲ್ಲ, ತಂಬಿಟ್ಟು. ಅಕ್ಕಿಯನ್ನು ನೆನೆಹಾಕಿ, ಬಸಿದು, ಬಿಳಿ ಪಂಚೆಯ ಮೇಲೆ ನೆರಳಿನಲ್ಲಿ ಆರಹಾಕಬೇಕು. ಅಂಗೈಯಲ್ಲಿ ಹಿಡಿದರೆ ಅಂಟಬಾರದು, ಬಿಟ್ಟರೆ ಪೂರ್ತಿ ಉದುರಿಯೂ ಹೋಗಬಾರದು. ಅಷ್ಟು ತೇವ ಉಳಿದಿರುವಾಗ ಕುಟ್ಟಿದರೆ ಮಾತ್ರ ಹಿಟ್ಟು ಹಿಡಿತಕ್ಕೆ ಬರುತ್ತದೆ. ಹಿಂದೆ ಓಣಿಯ ಹೆಂಗಸರೆಲ್ಲ ಒಂದೇ ಒರಳಿನ ಸುತ್ತ ಸೇರಿ, ಇಬ್ಬರು ಎದುರು ಬದುರು ನಿಂತು ಒನಕೆ ಹಾಕುತ್ತಿದ್ದರು, ಒಬ್ಬಳು ಜರಡಿ ಹಿಡಿಯುತ್ತಿದ್ದಳು. ಈಗ ಮಿಲ್ಲಿಗೆ ಕೊಡುತ್ತಾರೆ. ಮಿಲ್ಲಿನವನು ಹಬ್ಬದ ಹಿಂದಿನ ದಿನ ರಾಗಿ, ಮೆಣಸಿನಕಾಯಿಗಳನ್ನು ಮುಟ್ಟುವುದಿಲ್ಲ, ಯಂತ್ರ ತೊಳೆದು ಅರಿಶಿನ ಕುಂಕುಮ ಇಟ್ಟುಕೊಂಡು ಕೂತಿರುತ್ತಾನೆ; ಅದೂ ಒಂದು ಹೊಸ ಕಟ್ಟಳೆಯೇ ಆಯಿತು. ಕುಟ್ಟಿದ ಹಿಟ್ಟಿಗೆ ಬೆಲ್ಲ, ಏಲಕ್ಕಿ ಸೇರಿಸಿ, ನೀರು ಸೋಕಿಸದೆ, ಬೆಲ್ಲದ ಪಸೆಯಲ್ಲಿಯೇ ನಾದಿ, ಬುಡ ಅಗಲವಾಗಿ ಮೇಲೆ ಚೂಪಾಗುತ್ತಾ ಹೋಗುವಂತೆ ಕಟ್ಟುತ್ತಾರೆ. ನೆತ್ತಿಯಲ್ಲಿ ಹೆಬ್ಬೆರಳಿನಿಂದ ಒಂದು ಗುಳಿ ಮಾಡಿ, ತುಪ್ಪ ಸುರಿದು, ಹತ್ತಿಯ ಬತ್ತಿ ಇಡುತ್ತಾರೆ.

ಈ ಗುಳಿಯಲ್ಲಿಯೇ ನಾನು ಸೋತದ್ದು. ಮದುವೆಯಾದ ಮೇಲೆ ತವರಿನ ಹಬ್ಬಕ್ಕೆ ಬಂದ ಮೊದಲ ವರ್ಷ, ನಾನೇ ದೀಪ ಕಟ್ಟುತ್ತೇನೆಂದು ಹಟ ಹಿಡಿದೆ. ಗುಳಿ ಆಳವಾಯಿತು, ತುಪ್ಪದ ಜಿಡ್ಡು ಹಿಟ್ಟಿನೊಳಕ್ಕೆ ಇಳಿಯಿತು, ದೇವಸ್ಥಾನಕ್ಕೆ ಇನ್ನೂ ಎರಡು ಬೀದಿ ಇರುವಾಗ ದೀಪದ ಮೇಲುಭಾಗ ಒಂದು ಕಡೆಗೆ ಕುಸಿದು ಕಾದ ತುಪ್ಪ ನನ್ನ ಭುಜದ ಮೇಲೆ ಹರಿಯಿತು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ದೀಪ. ಎರಡೂ ಕೈ ಮೇಲಿರುವಾಗ ಒರೆಸಿಕೊಳ್ಳುವುದಕ್ಕೂ ಆಗದು. ನನ್ನ ಹಿಂದಿದ್ದ ಚಿಕ್ಕಮ್ಮ ತಮ್ಮ ದೀಪವನ್ನು ಒಂದೇ ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸೆರಗಿನ ತುದಿಯಿಂದ ನನ್ನ ದೀಪದ ಬತ್ತಿಯನ್ನು ಸರಿ ಮಾಡಿ, "ನಡಿ, ನಿಲ್ಬೇಡ, ಆರಿದ್ರೆ ಆಡ್ಕೋತಾರೆ" ಎಂದರು. ದೀಪ ಆರಲಿಲ್ಲ. ಆದರೆ ಆಡಿಕೊಳ್ಳುವುದೇನೂ ತಪ್ಪಲಿಲ್ಲ; ಭುಜದ ಮೇಲಿನ ಕಲೆಯನ್ನು ನೋಡಿದಾಗಲೆಲ್ಲ ಅಮ್ಮ ಅದನ್ನು ನೆನಪಿಸುತ್ತಾರೆ.

ಇತ್ತೀಚೆಗೆ ದೀಪಗಳು ಎತ್ತರವಾಗುತ್ತಿವೆ. ಬಿದಿರಿನ ಕಡ್ಡಿಗಳ ಚೌಕಟ್ಟು ಕಟ್ಟಿ, ಸೇವಂತಿಗೆ, ಕನಕಾಂಬರ, ಕಾಕಡಗಳನ್ನು ಸುತ್ತಿ, ನಡುವೆ ಎಲ್ಲೋ ತಂಬಿಟ್ಟು ಅಡಗಿರುವ ಹೂವಿನ ಗೋಪುರಗಳನ್ನು ಹೆಂಗಸರು ಹೊರಲಾರದೆ ಹೊರುತ್ತಾರೆ. ಹೂ ಬೆಳೆಯುವ ಸೀಮೆ ನಮ್ಮದು, ಹೂವಿಗೆ ಬರವಿಲ್ಲ. ಆದರೆ ಯಾರ ಮನೆಯ ದೀಪ ಎತ್ತರ ಎಂಬ ಪೈಪೋಟಿ ಶುರುವಾದ ಮೇಲೆ ತಂಬಿಟ್ಟು ಚಿಕ್ಕದಾಗುತ್ತಾ ಬಂತು. ನನಗೆ ಇದು ಹಿಡಿಸುವುದಿಲ್ಲ. ದೀಪದ ಅರ್ಥವಿರುವುದೇ ಆಮೇಲೆ ಅದನ್ನು ಮುರಿಯುವುದರಲ್ಲಿ. ಅಮ್ಮನವರ ಗುಡಿಯನ್ನು ಮೂರು ಸುತ್ತು ಹಾಕಿ, ಪೂಜೆ ಮುಗಿದ ಮೇಲೆ ಒಂದು ಭಾಗವನ್ನು ಅಲ್ಲಿಯೇ ಬಿಟ್ಟು, ಉಳಿದದ್ದನ್ನು ಮನೆಗೆ ತಂದು ಮುರಿದು, ಹಬ್ಬಕ್ಕೆ ಬಂದ ನೆಂಟರಿಗೂ ಓಣಿಯ ಮಕ್ಕಳಿಗೂ ಹಂಚುತ್ತಾರೆ. ನೆತ್ತಿಯ ತುಪ್ಪ ಕುಡಿದು ಗಟ್ಟಿಯಾದ ತುಂಡಿಗೆ ಮಕ್ಕಳಲ್ಲಿ ಜಗಳ. ಹೂವನ್ನು ಹೀಗೆ ಹಂಚಲು ಬರುವುದಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಓದಿದರೆ ನಮ್ಮೂರು ಬಹಳ ನ್ಯಾಯವಂತ ಊರೆಂದು ತೋರಬಹುದು. ಆ ತಪ್ಪನ್ನು ನಾನು ಮಾಡಲಾರೆ. ಹಬ್ಬವನ್ನು ಸಾರುವವರು ತಮಟೆಯವರು, ಮೊದಲ ದೀಪ ಹೊರಡುವುದು ಅವರು ಬಂದ ಮೇಲೆ, ದೇವರು ಮೈದುಂಬುವುದು ಅವರ ಬಡಿತದ ಗತಿ ಬದಲಾದಾಗ. ಅವರಿಲ್ಲದೆ ಹಬ್ಬದ ಒಂದು ಹೆಜ್ಜೆಯೂ ಸಾಗದು. ಆದರೆ ನಾನು ಚಿಕ್ಕವಳಿದ್ದಾಗ ಅವರು ನಿಲ್ಲುತ್ತಿದ್ದುದು ಗುಡಿಯ ಹೊರಗಿನ ಬೇವಿನ ಮರದ ಬಳಿ. ಹುಲ್ಲಿಗೆ ಬೆಂಕಿ ಹಚ್ಚಿ, ಸಡಿಲಗೊಂಡ ಚರ್ಮವನ್ನು ಕಾಯಿಸಿ ಬಿಗಿ ಮಾಡಿಕೊಂಡು, ರಾತ್ರಿಯಿಡೀ ಬಡಿದು, ಬೆಳಿಗ್ಗೆ ಮೇಲಿನಿಂದ ಹಾಕಿದ ತಮ್ಮ ಪಾಲಿನ ತಂಬಿಟ್ಟನ್ನು ಟವಲಿನಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು. ಗುಡ್ಡೆ ಬಾಡಿನಲ್ಲಿಯೂ ಅಷ್ಟೇ. ಬೆರಳಗಲದ ತುಂಡನ್ನು ಲೆಕ್ಕ ಹಾಕುತ್ತಿದ್ದ ತಾತನ ಸಾಲಿನಲ್ಲಿ ದಲಿತರ ಕಾಲೊನಿಯ ಮನೆಗಳ ಗುಡ್ಡೆ ಇರುತ್ತಿರಲಿಲ್ಲ. ಅವರದು ಬೇರೆ ಕುರಿ, ಬೇರೆ ಮರ. ತಾತನ ಕಣ್ಣಳತೆಯನ್ನು ನಾನು ಎಷ್ಟು ಮೆಚ್ಚುತ್ತೇನೋ, ಅದು ಎಲ್ಲಿಗೆ ಬಂದು ನಿಲ್ಲುತ್ತಿತ್ತು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಇದು ಹಳೆಯ ಕಾಲದ ಮಾತೆಂದು ಕೈತೊಳೆದುಕೊಳ್ಳುವುದಕ್ಕೂ ಆಗುವುದಿಲ್ಲ. 2022ರಲ್ಲಿ ನಮ್ಮದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಉತ್ಸವದ ದೇವರಿಗೆ ಕಟ್ಟಿದ್ದ ಕೋಲನ್ನು ದಲಿತ ಹುಡುಗನೊಬ್ಬ ಮುಟ್ಟಿದನೆಂದು ಅವನ ಮನೆಯವರಿಗೆ 60 ಸಾವಿರ ರೂಪಾಯಿ ದಂಡ ಹಾಕಿದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅದರ ಮರುವರ್ಷವೇ, 2023ರಲ್ಲಿ, ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂತು. ಒಂದು ವರ್ಷದ ಅಂತರದಲ್ಲಿ ಅಕ್ಕಪಕ್ಕದ ಎರಡು ಜಿಲ್ಲೆಗಳಿಂದ ಹೊರಟ ಈ ಎರಡು ಸುದ್ದಿಗಳನ್ನು ಜೊತೆಯಲ್ಲಿಟ್ಟು ನೋಡದೆ ನಮ್ಮ ಕಡೆಯ ಹಬ್ಬಗಳ ಬಗ್ಗೆ ಮಾತನಾಡುವುದು ಅರ್ಧ ಮಾತು. ನಮ್ಮೂರಿನಲ್ಲಿ ಈಗ ತಮಟೆಯ ತಂಡದ ಹುಡುಗರು ಮೊದಲೇ ರೇಟು ಮಾತಾಡುತ್ತಾರೆ, ಮುಂಗಡ ತೆಗೆದುಕೊಳ್ಳುತ್ತಾರೆ, ಊಟವನ್ನು ಎಲ್ಲರ ಪಂಕ್ತಿಯಲ್ಲಿ ಹಾಕದಿದ್ದರೆ ಬರುವುದಿಲ್ಲವೆಂದು ಎರಡು ವರ್ಷದ ಹಿಂದೆ ಹೇಳಿಯೂ ಬಿಟ್ಟರು. ಊರಿನಲ್ಲಿ ಗುಸುಗುಸು ನಡೆಯಿತು. ಆದರೆ ತಮಟೆಯಿಲ್ಲದೆ ದೀಪ ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲವಾದ್ದರಿಂದ ಪಂಕ್ತಿ ಹಾಕಿದರು. ಕಾಲೊನಿಯಿಂದ ದೀಪಗಳೂ ಬರುತ್ತವೆ, ಆದರೆ ಸಾಲಿನ ಕೊನೆಯಲ್ಲಿ. ಮೊದಲ ದೀಪ ಯಾರದು, ಕೊನೆಯ ದೀಪ ಯಾರದು ಎಂಬ ಕಟ್ಟಳೆ ಮಾತ್ರ ಇನ್ನೂ ಅಲ್ಲಾಡಿಲ್ಲ.

ಸಂಕ್ರಾಂತಿಯ ವಿಷಯಕ್ಕೆ ಬಂದರೆ ನಮ್ಮ ಕಡೆ ಎಳ್ಳು ಬೆಲ್ಲ ಪೇಟೆಯ ಹಬ್ಬ. ಹಳ್ಳಿಯ ಹಬ್ಬ ಕಾಟುಮರಾಯನದು. ಊರಬಾಗಿಲಿನ ಬಳಿಯೋ ಕೆರೆಯಂಗಳದ ಅಂಚಿನಲ್ಲಿಯೋ ಕೆಮ್ಮಣ್ಣಿನಿಂದ ಮೊಣಕಾಲೆತ್ತರದ ಪುಟ್ಟ ಗೂಡು ಕಟ್ಟಿ, ಸುಣ್ಣದ ಪಟ್ಟೆ ಎಳೆದು, ಅಣ್ಣೆ ಹೂ, ತಂಗಡಿ ಹೂ, ಹುಚ್ಚೆಳ್ಳಿನ ಹೂಗಳನ್ನು ಸಿಕ್ಕಿಸುತ್ತಾರೆ. ತೆಲುಗು ಸೀಮೆಯ ಗೊಲ್ಲರು ಹಾಡುವ ದನಗಾಹಿ ವೀರ ಕಾಟಮರಾಜನೇ ನಮ್ಮ ನಾಲಿಗೆಯಲ್ಲಿ ಕಾಟುಮರಾಯನಾಗಿದ್ದಾನೆಂದು ನಾನು ನಂಬಿದ್ದೇನೆ. ಒಂದೇ ಮನೆಯಲ್ಲಿ ಅಜ್ಜಿ ತೆಲುಗಿನಲ್ಲಿ ಬೈದು ಅಮ್ಮ ಕನ್ನಡದಲ್ಲಿ ಉತ್ತರ ಕೊಡುವ ಮುಳಬಾಗಿಲಿನಲ್ಲಿ ದೇವರುಗಳು ಗಡಿ ದಾಟುವುದೇನೂ ದೊಡ್ಡದಲ್ಲ. ಸಂಜೆಯ ಹೊತ್ತಿಗೆ ಊರಿನ ದನಗಳೆಲ್ಲ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಹಣೆಗೆ ಟೇಪು ಕಟ್ಟಿಸಿಕೊಂಡು ಅಲ್ಲಿ ಸೇರುತ್ತವೆ. ಪೊಂಗಲಿನ ನೈವೇದ್ಯವಾದ ಮೇಲೆ ತೀರ್ಥವನ್ನು ದನಗಳ ಮೇಲೆ ಚಿಮುಕಿಸಿ, ತಮಟೆ ಬಡಿದು ಬೆದರಿಸಿ, ಉರಿಯುವ ಹುಲ್ಲಿನ ಮೇಲೆ ಕಿಚ್ಚು ಹಾಯಿಸುತ್ತಾರೆ. ಹಾಯಿಸುತ್ತಿದ್ದರು ಎನ್ನುವುದು ಹೆಚ್ಚು ಸರಿ. ಉಳುವುದಕ್ಕೆ ಟ್ರ್ಯಾಕ್ಟರು ಬಂದ ಮೇಲೆ ಎತ್ತುಗಳು ಹೋದವು. ಈಗ ಮನೆಮನೆಯಲ್ಲಿರುವುದು ಡೇರಿಗೆ ಹಾಲು ಹಾಕುವ ಸೀಮೆಹಸು. ರಬ್ಬರು ಮ್ಯಾಟಿನ ಮೇಲೆ ನಿಂತು, ಫ್ಯಾನಿನ ಗಾಳಿ ಕುಡಿದು ಬೆಳೆದ ಆ ಹಸುವನ್ನು ಬೆಂಕಿ ಹಾಯಿಸಿದರೆ ಮರುದಿನ ಹಾಲು ಇಳಿಯುತ್ತದೆಂಬ ಭಯ. ನನ್ನ ಚಿಕ್ಕಪ್ಪ ತಮ್ಮ ಸೀಮೆಹಸುವಿಗೆ ಬಲೂನು ಕಟ್ಟಿ, ಕೊಟ್ಟಿಗೆಯ ಬಾಗಿಲಲ್ಲಿ ಒಂದು ಕರ್ಪೂರ ಹಚ್ಚಿ, ಅದನ್ನೇ ಕಿಚ್ಚೆಂದು ತಿಳಿದುಕೋ ಎಂದು ಅದಕ್ಕೆ ಹೇಳುತ್ತಾರೆ. ಆ ದಿನ ಬೇಯಿಸಿದ ಅವರೆಕಾಯಿ, ಗೆಣಸು, ಕಡಲೆಕಾಯಿಗಳಲ್ಲಿ ಮೊದಲ ಪಾಲು ಈಗಲೂ ಹಸುವಿಗೇ.

ಪಂಚಾಂಗದಲ್ಲಿ ಇಲ್ಲವೇ ಇಲ್ಲದ ಇನ್ನೊಂದು ಹಬ್ಬವಿದೆ: ಕೆರೆ ಕೋಡಿ ಬೀಳುವುದು. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ, ಕೆರೆಗಳನ್ನೇ ನಂಬಿಕೊಂಡ ಜಿಲ್ಲೆಯಲ್ಲಿ ಕೋಡಿಯ ಸದ್ದಿಗಿಂತ ದೊಡ್ಡ ಮಂಗಳವಾದ್ಯವಿಲ್ಲ. 2021ರ ನವೆಂಬರಿನ ಮಳೆಗೆ ನಮ್ಮೂರ ಕೆರೆ ಕೋಡಿ ಹೋದಾಗ ನಮ್ಮ ಮನೆಯ ಕಾಲೇಜು ಓದುವ ಮಕ್ಕಳು ಅದನ್ನು ಮೊದಲ ಸಲ ನೋಡಿದರು. ಕೋಡಿಯ ಕಲ್ಲಿನ ಮೇಲೆ ಗಂಗಮ್ಮನನ್ನು ಮಾಡಿ, ಸೀರೆ, ಬಳೆ, ಅರಿಶಿನ ಕುಂಕುಮಗಳನ್ನು ಮೊರದಲ್ಲಿಟ್ಟು ಬಾಗಿನ ಬಿಟ್ಟೆವು; ತಂಬಿಟ್ಟಿನ ದೀಪಗಳು ಎದ್ದವು; ಬೇಸಗೆಯ ಹಬ್ಬಕ್ಕೆ ಬಾರದ ನೆಂಟರೂ ಫೋಟೊ ನೋಡಿ ಬಸ್ಸು ಹತ್ತಿ ಬಂದರು. ಬೆಳೆ ಕಳೆದುಕೊಂಡವರೂ ಆ ಮಳೆಯಲ್ಲಿ ಬಹಳ ಇದ್ದರು. ಅವರೂ ದೀಪ ತಂದಿದ್ದರು, ಅದನ್ನು ನೋಡಿ ನನಗೆ ಏನು ಹೇಳಬೇಕೆಂದು ತೋಚಲಿಲ್ಲ.

ಕೋಲಾರದ ಸುತ್ತಿನ ಕೆರೆಗಳಿಗೆ ಮಾತ್ರ ಬಾಗಿನದ ಪ್ರಶ್ನೆ ಬೇರೆಯೇ ರೀತಿಯಲ್ಲಿ ಬಂದಿತ್ತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸತೊಡಗಿದಾಗ, ಮೊದಲು ಲಕ್ಷ್ಮೀಸಾಗರದ ಕೆರೆಗೆ, ಅಲ್ಲಿಂದ ಮುಂದಿನ ಕೆರೆಗಳಿಗೆ ನೀರು ಇಳಿಯುತ್ತಾ ಬಂತು. ಈ ನೀರಿಗೆ ಬಾಗಿನ ಕೊಡಬಹುದೋ ಕೊಡಬಾರದೋ? ನಾವು ಬಾಡಿಗೆಗಿದ್ದ ಮನೆಯ ಪಕ್ಕದ ಅಜ್ಜಿ ಮೂಗಿಗೆ ಸೆರಗು ಮುಚ್ಚಿಕೊಂಡೇ ತನ್ನ ತವರಿನ ಕೆರೆಗೆ ಹೋಗಿ ಪೂಜೆ ಮಾಡಿ ಬಂದಳು. ಕೇಳಿದರೆ, "ಗಂಗಮ್ಮ ಯಾವ ದಾರೀಲಿ ಬಂದ್ಲು ಅಂತ ನಾವ್ಯಾಕಮ್ಮ ಕೇಳಾಣ? ಬಂದ್ಲಲ್ಲ" ಎಂದಳು. ಆ ನೀರಿನ ಗುಣಮಟ್ಟದ ಬಗ್ಗೆ ಇರುವ ತಕರಾರುಗಳನ್ನು ನಾನು ತಳ್ಳಿಹಾಕುವುದಿಲ್ಲ. ಸಾವಿರಾರು ಅಡಿ ಕೊರೆದರೂ ಧೂಳು ಬರುತ್ತಿದ್ದ ಬೋರುವೆಲ್ಲುಗಳ ಊರಿನಲ್ಲಿ ಆ ಅಜ್ಜಿ ಹಾಗೆ ಹೇಳಿದಳೆಂಬುದನ್ನು ಮಾತ್ರ ಬರೆದಿಡುತ್ತಿದ್ದೇನೆ.

ಕರಗದ ಬಗ್ಗೆ ಒಂದೆರಡು ಮಾತು. ಬೆಂಗಳೂರಿನ ಕರಗ ಹೆಸರಾದದ್ದಾದರೂ ಕೋಲಾರ, ಮಾಲೂರು, ಮುಳಬಾಗಿಲುಗಳಲ್ಲಿಯೂ ದ್ರೌಪದಮ್ಮನ ಕರಗ ನಡೆಯುತ್ತದೆ. ವಹ್ನಿಕುಲದವರ ಈ ಹಬ್ಬದಲ್ಲಿ ಹೆಣ್ಣಿನಂತೆ ಅಲಂಕರಿಸಿಕೊಂಡ ಪೂಜಾರಿ ತಲೆಯ ಮೇಲಿನ ಮಲ್ಲಿಗೆಯ ಕರಗವನ್ನು ಕೈಯಿಂದ ಮುಟ್ಟದೆ ರಾತ್ರಿಯೆಲ್ಲ ಬೀದಿ ಸುತ್ತುತ್ತಾನೆ, ಜೊತೆಗೆ ಕತ್ತಿ ಹಿಡಿದ ವೀರಕುಮಾರರು. ಕರಗ ನಮ್ಮ ಬೀದಿಗೆ ಬರುವಾಗ ನಡುರಾತ್ರಿ ಎರಡೋ ಮೂರೋ ಗಂಟೆ. ಮನೆಯ ಮುಂದೆ ನೀರು ಹಾಕಿ, ರಂಗೋಲಿ ಬಿಟ್ಟು, ಮಕ್ಕಳನ್ನು ಎಬ್ಬಿಸಿಕೊಂಡು ಕಾಯುತ್ತೇವೆ. ಕರಗದಿಂದ ಉದುರಿದ ಮಲ್ಲಿಗೆಯನ್ನು ಆಯ್ದುಕೊಳ್ಳಲು ಹೆಂಗಸರು ಬಾಗುವುದನ್ನು ನೋಡಿದರೆ, ಪಾಲಿನ ಆಸೆ ಪೇಟೆಯವರನ್ನೂ ಬಿಟ್ಟಿಲ್ಲವೆನ್ನಿಸುತ್ತದೆ.

ಇನ್ನು ದೀಪಾವಳಿ. ಪಟಾಕಿ, ನರಕಚತುರ್ದಶಿಯ ಎಣ್ಣೆಸ್ನಾನಗಳು ಎಲ್ಲ ಕಡೆಯೂ ಇವೆ. ನಮ್ಮ ಸೀಮೆಯಲ್ಲಿ ವಿಶೇಷವಾದದ್ದು ನೋಮು, ಅಂದರೆ ಕೇದಾರೇಶ್ವರನ ವ್ರತ. ಇದು ಎಲ್ಲರ ಮನೆಯಲ್ಲಿಯೂ ಇರುವುದಿಲ್ಲ. ಹೆಣ್ಣು ನೋಡಲು ಬಂದವರು ಜಾತಕದ ಜೊತೆಗೆ "ನಿಮಗೆ ನೋಮುಂಟಾ?" ಎಂದು ಕೇಳುವುದನ್ನು ನಾನೇ ಕೇಳಿದ್ದೇನೆ. ಇದರಲ್ಲಿ ಎಲ್ಲವೂ ಇಪ್ಪತ್ತೊಂದು: ಇಪ್ಪತ್ತೊಂದು ಎಳೆಯ ದಾರ, ಇಪ್ಪತ್ತೊಂದು ವೀಳ್ಯದೆಲೆ, ಇಪ್ಪತ್ತೊಂದು ಅಡಿಕೆ, ಇಪ್ಪತ್ತೊಂದು ಕಜ್ಜಾಯ. ಊರಿನ ಗುಡಿಯಲ್ಲಿ ಎಲ್ಲ ಮನೆಗಳ ಮೊರಗಳನ್ನು ಸಾಲಾಗಿಟ್ಟು ಪೂಜೆ ಮಾಡಿಸಿ, ಹಳೆಯ ದಾರ ಬಿಚ್ಚಿ ಹೊಸ ನೋಮುದಾರವನ್ನು ಕೈಗೆ ಕಟ್ಟಿಕೊಳ್ಳುತ್ತಾರೆ.

ಕಜ್ಜಾಯದ ಕೆಲಸ ನಾಲ್ಕು ದಿನ ಮುಂಚೆಯೇ ಶುರುವಾಗುತ್ತದೆ. ತಂಬಿಟ್ಟಿನಂತೆಯೇ ಒದ್ದೆ ಅಕ್ಕಿಯ ಹಿಟ್ಟು, ಆದರೆ ಬೆಲ್ಲವನ್ನು ಪಾಕ ಮಾಡಬೇಕು. ತಟ್ಟೆಯ ನೀರಿಗೆ ಒಂದು ತೊಟ್ಟು ಪಾಕ ಬಿಟ್ಟರೆ ಅದು ಕರಗಬಾರದು, ಬೆರಳಿನಲ್ಲಿ ಉಂಡೆಯಾಗಬೇಕು, ಉಂಡೆ ಗಟ್ಟಿಯಾಗಿರಬಾರದು. ಒಂದು ಕ್ಷಣ ಹೆಚ್ಚಾದರೆ ಕಜ್ಜಾಯ ಕಲ್ಲು, ಒಂದು ಕ್ಷಣ ಕಡಿಮೆಯಾದರೆ ಎಣ್ಣೆಯಲ್ಲಿ ಒಡೆದು ಪುಡಿಪುಡಿ. ಹಿಟ್ಟನ್ನು ಪಾಕಕ್ಕೆ ಹಾಕಿ ಕಲಸಿ, ಮೇಲೆ ತುಪ್ಪ ಸವರಿ, ಬಟ್ಟೆ ಕಟ್ಟಿ ಎರಡು ದಿನ ಇಟ್ಟರೆ ಹದಕ್ಕೆ ಬರುತ್ತದೆ. ಆಮೇಲೆ ಗಸಗಸೆ ಉದುರಿಸಿ, ಬಾಳೆಎಲೆಯ ಮೇಲೆ ತಟ್ಟಿ, ಎಣ್ಣೆಯಲ್ಲಿ ಕರಿದು, ಎರಡು ಜಾಲರಿ ಸೌಟುಗಳ ನಡುವೆ ಒತ್ತಿ ಎಣ್ಣೆ ಇಳಿಸುತ್ತಾರೆ. ಅಮ್ಮನಿಗೆ ಈಗ ಮಂಡಿನೋವು, ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲಾರರು. ಕುರ್ಚಿ ಹಾಕಿಕೊಂಡು ಕುಳಿತು ಪಾಕದ ತೊಟ್ಟನ್ನು ಮಾತ್ರ ತಾವೇ ಬೆರಳಿನಲ್ಲಿ ಉರುಳಿಸಿ ನೋಡುತ್ತಾರೆ. ಆ ಬೆರಳನ್ನು ಇನ್ನೂ ಯಾರಿಗೂ ವಹಿಸಿಕೊಟ್ಟಿಲ್ಲ.

ನಮ್ಮ ಮನೆಯಲ್ಲಿ ನೋಮಿನ ಇಪ್ಪತ್ತೊಂದು ಕಜ್ಜಾಯಗಳನ್ನು ಹೊರಗಿನವರಿಗೆ ಕೊಡುವುದಿಲ್ಲ, ಆ ಮನೆತನದವರೇ ತಿನ್ನಬೇಕು. ಊರಿಗೆಲ್ಲ ಹಂಚುವುದಕ್ಕೆ ಬೇರೆ ಡಬರಿಯಲ್ಲಿ ಮಾಡುತ್ತಾರೆ. ಮದುವೆಯಾಗಿ ಬೇರೆ ಮನೆಯವಳಾದ ನನಗೂ ಈಗ ಡಬರಿಯ ಕಜ್ಜಾಯವೇ. ರುಚಿಯಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲವಾದರೂ ಮೊದಲ ವರ್ಷ ಗಂಟಲಲ್ಲಿ ಇಳಿದಿರಲಿಲ್ಲ. ತಮ್ಮ ಪುಣೆಯಲ್ಲಿದ್ದಾನೆ. ಕಳೆದ ವರ್ಷ ರಜೆ ಸಿಗದೆ ಅವನು ಬರಲಾಗಲಿಲ್ಲ. ಅಮ್ಮ ಪೂಜೆಯಾದ ನೋಮುದಾರವನ್ನೂ ಅವನ ಪಾಲಿನ ಏಳು ಕಜ್ಜಾಯಗಳನ್ನೂ ಸ್ಟೀಲು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಹಳೆಯ ಟವಲಿನಲ್ಲಿ ಸುತ್ತಿ, ನನ್ನ ಕೈಯಲ್ಲಿ ಕೋಲಾರದಿಂದ ಕೊರಿಯರು ಮಾಡಿಸಿದರು. ಐದನೆಯ ದಿನ ಅವನಿಂದ ಫೋನು ಬಂತು. ದಾರ ಸರಿಯಾಗಿಯೇ ಇದೆ, ಕಜ್ಜಾಯ ಮಾತ್ರ ಆರೇ ಇವೆ ಎಂದ. ಅಮ್ಮ ಗಾಬರಿಯಾಗಿ ನನ್ನ ಕಡೆ ನೋಡಿದರು. ನಾನು ಡಬ್ಬಿಯ ಮುಚ್ಚಳಕ್ಕೆ ಏನಾದರೂ ಅಂಟಿಕೊಂಡಿದೆಯೇ ನೋಡು ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವನು, "ಇದೆ, ಆದ್ರೆ ಮುರಿದುಹೋಗಿದೆ, ಅರ್ಧ ತಿಂದಾಯ್ತು" ಎಂದ. ಅಮ್ಮ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಉಳಿದ ಅರ್ಧವನ್ನು ಸೊಸೆಗೆ ಕೊಟ್ಟಿದ್ದಾನೋ ಇಲ್ಲವೋ ಎಂದು ವಿಚಾರಿಸತೊಡಗಿದರು.